ಅನಾಥಾಶ್ರಮಕ್ಕೆ 10,000 ರೂಪಾಯಿ ಕೊಟ್ಟೆ, ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಇದೆ. ಅಷ್ಟೂ ದುಡ್ಡು ತೆರಿಗೆಯಲ್ಲಿ ಕಳೆಯುತ್ತಾ? ಸಂಬಳ ವರ್ಷಕ್ಕೆ 9 ಲಕ್ಷ.

ಇಲ್ಲ, ಅಷ್ಟೂ ಕಳೆಯಲ್ಲ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ಜುಲೈನಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ.

ದಾನ ಕಳೆಯುವುದು ನಿಮ್ಮ ಆದಾಯದಿಂದ, ಕಟ್ಟಬೇಕಾದ ತೆರಿಗೆಯಿಂದ ಅಲ್ಲ. ಇಂಥ ಹೆಚ್ಚಿನ ಟ್ರಸ್ಟ್‌ಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ. ಅಂದರೆ ನಿಮ್ಮ ಆದಾಯದಲ್ಲಿ 5,000 ಕಡಿಮೆ ಆಗುತ್ತದೆ. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ನೀವು 20% ದರದ ಸ್ಲ್ಯಾಬಿನಲ್ಲಿದ್ದರೆ ಉಳಿಯುವುದು 1,000, ತೆರಿಗೆಯ ಮೇಲೆ ಹಾಕುವ ಸೆಸ್ ಸೇರಿಸಿ 1,040 ರೂಪಾಯಿ. ಅದೇ ದುಡ್ಡು ಮುಖ್ಯಮಂತ್ರಿ ಪರಿಹಾರ ನಿಧಿಗೋ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೋ ಹೋಗಿದ್ದರೆ ಪೂರ್ತಿ 10,000 ಕಳೆಯಬಹುದಿತ್ತು, 2,080 ಉಳಿಯುತ್ತಿತ್ತು. ಎರಡೂ ಕಡೆ ನಿಮ್ಮ ಕೈಯಿಂದ ಹೋಗುವುದೇ ಜಾಸ್ತಿ. ತೆರಿಗೆ ಉಳಿಸೋಕೆ ಅಂತಲೇ ದಾನ ಮಾಡಿದರೆ ಲೆಕ್ಕ ಕೂಡಿಬರಲ್ಲ. ಮಕ್ಕಳಿಗೆ ಊಟ ಸಿಗಲಿ ಅಂತ ಕೊಟ್ಟಿದ್ದೀರಿ, ಅದು ದೊಡ್ಡದು.

ಹೊಸ ಪದ್ಧತಿ ಆರಿಸಿಕೊಂಡಿದ್ದರೆ ಈ ವಿನಾಯಿತಿಯೇ ಇಲ್ಲ. ಏನೂ ಹೇಳದೆ ಬಿಟ್ಟರೆ ಹೊಸ ಪದ್ಧತಿಗೇ ಸೇರಿಸುತ್ತಾರೆ, ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ದುಡ್ಡು ಹೇಗೆ ಕೊಟ್ಟಿರಿ? ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಲೆಕ್ಕಕ್ಕೆ ಬರಲ್ಲ. ಯುಪಿಐ, ಚೆಕ್ ಆದರೆ ಚಿಂತೆ ಇಲ್ಲ. ಅಕ್ಕಿ ಮೂಟೆ, ಬಟ್ಟೆ, ಪುಸ್ತಕ ಕೊಟ್ಟದ್ದಕ್ಕೂ ವಿನಾಯಿತಿ ಸಿಗಲ್ಲ. ದೇವಸ್ಥಾನದ ಹುಂಡಿಗೆ ಹಾಕಿದ್ದಕ್ಕೂ ಅಷ್ಟೇ.

ರಸೀದಿ ಒಂದೇ ಸಾಲದು. ಟ್ರಸ್ಟ್‌ನವರು ನಿಮ್ಮ ಪ್ಯಾನ್ ಹಾಕಿ ಇಲಾಖೆಗೆ ವಿವರ ಸಲ್ಲಿಸಿ, ಅಲ್ಲಿಂದ 10ಬಿಇ ಅನ್ನೋ ಪ್ರಮಾಣಪತ್ರ ಇಳಿಸಿ ನಿಮಗೆ ಕೊಡಬೇಕು. ಅವರಿಗೆ ಮೇ 31ರವರೆಗೆ ಸಮಯ. ದಾನ ಕೊಟ್ಟವರು ಬಣ್ಣ ಬಣ್ಣದ ರಸೀದಿ, ಮೇಲೆ ಅಧ್ಯಕ್ಷರ ಸಹಿ, ಸೀಲು ಎಲ್ಲಾ ಹಿಡಿದು ನಮ್ಮ ಆಫೀಸಿಗೆ ಬರುತ್ತಾರೆ. 10ಬಿಇ ಕೇಳಿದರೆ ಇರಲ್ಲ. ಪಾಪ, ಒಳ್ಳೆ ಮನಸ್ಸಿನಿಂದ ಕೊಟ್ಟವರು. ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಈಗಲೇ ಆಶ್ರಮಕ್ಕೆ ಫೋನ್ ಮಾಡಿ, "10ಬಿಇ ಕಳಿಸಿ ಸರ್" ಅಂತ ಕೇಳಿ. ಬಂದ ಮೇಲೆ ನಿಮ್ಮ ಹೆಸರು, ಪ್ಯಾನ್, ಮೊತ್ತ ಸರಿಯಿದೆಯಾ ನೋಡಿ. ತಪ್ಪಿದ್ದರೆ ಅವರೇ ತಿದ್ದಿ ಮತ್ತೆ ಸಲ್ಲಿಸಬೇಕು, ನಿಮ್ಮಿಂದ ಆಗಲ್ಲ.