ವಿಮಾನ ನಿಲ್ದಾಣ ಬಂದರೆ ಊರು ತಾನಾಗಿ ಬೆಳೆಯುತ್ತದಾ?

ನಿಲ್ದಾಣ ಕಟ್ಟಿದರೆ ಸುತ್ತ ಕಂಪನಿಗಳು ತಾವಾಗಿಯೇ ಬರುತ್ತವಾ, ಮೊದಲು ಏನು ಯೋಚಿಸಬೇಕು ಅಂತ ಕೇಳಿದ್ದೀರಿ. ಇಲ್ಲ, ಸುಮ್ನೆ ಬರೋದಿಲ್ಲ. ಕೆನಡಾದ ಮಿರಾಬೆಲ್ ನೋಡಿ. ರೈತರಿಂದ ಭಾರಿ ಜಮೀನು ಕಿತ್ತುಕೊಂಡು ಕಟ್ಟಿ 1975ರಲ್ಲಿ ತೆರೆದರು, ಆದರೆ ಮಾಂಟ್ರಿಯಲ್‌ನಿಂದ ಅಲ್ಲಿಗೆ ಅಂದುಕೊಂಡಿದ್ದ ವೇಗದ ರೈಲು ಬರಲೇ ಇಲ್ಲ, ನಗರಕ್ಕೆ ಹತ್ತಿರದ ಹಳೇ ಡೋರ್ವಲ್ ನಿಲ್ದಾಣವನ್ನೂ ಮುಚ್ಚಲಿಲ್ಲ, ಮತ್ತೆ ಅಷ್ಟು ದೂರ ಯಾರು ಹೋಗ್ತಾರೆ? 2004ರಲ್ಲಿ ಪ್ರಯಾಣಿಕರ ವಿಮಾನಗಳು ನಿಂತವು. ಜಮೀನು ಕಳೆದುಕೊಂಡವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಐರ್ಲೆಂಡ್‌ನ ಶಾನನ್‌ನಲ್ಲಿ ಬೇರೆ ದಾರಿ ಹಿಡಿದರು. ಜೆಟ್ ವಿಮಾನಗಳು ಬಂದು, ಇಂಧನಕ್ಕಾಗಿ ಅಲ್ಲಿ ಇಳಿಯುವ ಅಗತ್ಯ ಕಡಿಮೆಯಾಗುವ ಹೊತ್ತಿಗೆ, 1959ರಲ್ಲಿ ತೆರಿಗೆ ರಿಯಾಯಿತಿಯ ಕೈಗಾರಿಕಾ ವಲಯ ಶುರು ಮಾಡಿದರು, ಆಮೇಲೆ ಕೆಲಸಗಾರರಿಗಾಗಿ ಪಕ್ಕದಲ್ಲೇ ಹೊಸ ಊರನ್ನೂ ಕಟ್ಟಿದರು.

ಹಾಗಾಗಿ ಮೊದಲು ರೈಲು, ರಸ್ತೆ. ಆಮೇಲೆ ಯಾವ ಉದ್ಯಮ ಅನ್ನೋದು. ತೂಕ ಕಡಿಮೆ, ಬೆಲೆ ಜಾಸ್ತಿ ಅಥವಾ ಬೇಗ ತಲುಪಲೇಬೇಕಾದ ಸರಕು, ಅಂದರೆ ಔಷಧ, ಚಿಪ್, ಹೂವು, ಇಂಥವಕ್ಕೆ ಮಾತ್ರ ವಿಮಾನದ ಖರ್ಚು ಗಿಟ್ಟುತ್ತದೆ. ರನ್‌ವೇ ತುದಿಯ ನೇರಕ್ಕೆ ಮಾತ್ರ ದಯವಿಟ್ಟು ಮನೆಗಳು ಬೇಡ, ಗೋದಾಮು ಇರಲಿ. ಆ ಸದ್ದಿನಲ್ಲಿ ಮಕ್ಕಳು ಮಲಗೋದು ಹೇಗೆ, ಅಲ್ವಾ?