ಬದುವಿನ ಜಾಲಿ ಕಡಿಯಲು ಯಾವ ಚೈನ್ ಸಾ ಕೊಳ್ಳಬೇಕು?

ಆಳಂದದ ಕಡೆ ನಿಮ್ಮ ಹೊಲದ ಬದುವಿನಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯನ್ನು ಕಡಿದು ಕಟ್ಟಿಗೆ ಮಾಡಲು ಯಾವ ಕಂಪನಿಯ ಚೈನ್ ಸಾ ಒಳ್ಳೆಯದು, ಅಗ್ಗದ 58 ಸಿಸಿ ಯಂತ್ರ ಸಾಕೇ ಎಂದು ಕೇಳಿದ್ದೀರಿ. ನಾನು ಚಿಂಚೋಳಿ ತಾಲ್ಲೂಕಿನ ರೈತ. ಮೊದಲು ಕೊಂಡದ್ದು ಅಂಥದೇ ಯಂತ್ರವನ್ನು, 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇದ್ದದ್ದನ್ನು. ಎರಡನೆಯ ಬೇಸಿಗೆಯಲ್ಲಿ ಚೈನಿಗೆ ಎಣ್ಣೆ ಕೊಡುವ ಅದರ ಆಯಿಲ್ ಪಂಪ್ ಕೆಟ್ಟು, ಒಣ ಚೈನ್ ಉಜ್ಜಿ ಬಾರ್ ನೀಲಿಗಟ್ಟಿತು. ಕಲಬುರಗಿಯಲ್ಲಿ ಸಿಕ್ಕ ಪಂಪ್ ನೋಡಲು ಅದರಂತೆಯೇ ಇತ್ತು, ಸ್ಕ್ರೂ ಹಾಕುವ ತೂತುಗಳು ಮಾತ್ರ ಕೂಡಲಿಲ್ಲ.

ನಿಮ್ಮ ಕೆಲಸಕ್ಕೆ 45 ಸಿಸಿ ಆಸುಪಾಸಿನ ಯಂತ್ರ ಮತ್ತು 16 ಇಂಚಿನ ಬಾರ್ ಸಾಕು. ಸ್ಟಿಲ್ ಎಂಎಸ್ 250 (45.4 ಸಿಸಿ) ಅಥವಾ ಹಸ್ಕ್‌ವರ್ನಾ 445 (45.7 ಸಿಸಿ), ಇವೆರಡರಲ್ಲಿ ಯಾವುದರ ರಿಪೇರಿ ನಿಮಗೆ ಹತ್ತಿರದಲ್ಲಿ ಆಗುತ್ತದೆಯೋ ಅದನ್ನೇ ಕೊಳ್ಳಿರಿ. ಬರೀ ಕೊಂಬೆ ಕತ್ತರಿಸುವುದಾದರೆ ಸುಮಾರು ನಾಲ್ಕು ಕೆಜಿ ತೂಗುವ ಸ್ಟಿಲ್ ಎಂಎಸ್ 180 ಕೂಡ ನಡೆಯುತ್ತದೆ. ಉದ್ದನೆಯ ಬಾರಿನ ಆಸೆ ಬೇಡ: ಜಾಲಿ ಬುಡದಿಂದಲೇ ನಾಲ್ಕಾರು ಕವಲೊಡೆದು ಪೊದೆಯಾಗಿರುವುದರಿಂದ, ನೀವು ಮುಂದಿನ ಕವಲು ಕೊಯ್ಯುತ್ತಿರುವಾಗ ಬಾರಿನ ಮೂತಿಯ ಮೇಲ್ಭಾಗ ಹಿಂದಿನದಕ್ಕೆ ತಗುಲಿ, ಯಂತ್ರ ಮುಖದತ್ತ ಚಿಮ್ಮುತ್ತದೆ.

ಕಂಪನಿಗಿಂತ ಹೆಚ್ಚಾಗಿ ಚೈನಿನ ಹರಿತವೇ ಕೆಲಸ ಮಾಡುತ್ತದೆ. ಜಾಲಿ ಗಟ್ಟಿ ಮರ. ಅದರ ತೊಗಟೆಯ ಸಂದುಗಳಲ್ಲಿ ಕೂತ ಎರೆಮಣ್ಣಿನ ಧೂಳು ಹಲ್ಲುಗಳನ್ನು ಬೇಗ ಮೊಂಡು ಮಾಡುತ್ತದೆ. ಹರಿತವಿದ್ದಾಗ ಜೋಳದ ನುಚ್ಚಿನಂತೆ ಚೂರುಗಳು ಬೀಳುತ್ತವೆ, ಹಿಟ್ಟಿನಂತೆ ಪುಡಿ ಬೀಳತೊಡಗಿತೆಂದರೆ ಯಂತ್ರವನ್ನು ಒತ್ತದೆ ನಿಲ್ಲಿಸಿ, ಆ ಚೈನಿಗೆ ಹೇಳಿದ ಅಳತೆಯ ದುಂಡನೆಯ ಅರದಿಂದ ಪ್ರತಿ ಹಲ್ಲಿಗೂ ಎಣಿಸಿ ಅಷ್ಟಷ್ಟೇ ಸಲ ಉಜ್ಜಬೇಕು. ಬದುವಿನ ಮರಗಳಲ್ಲಿ ಹಳೆಯ ಮುಳ್ಳುತಂತಿ ತೊಗಟೆಯೊಳಗೆ ಹುದುಗಿರುತ್ತದೆ. ಒಂದೇ ಮೊಳೆಗೆ ನನ್ನ ಹೊಸ ಚೈನ್ ಹಾಳಾಗಿದೆ.

ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸುವ ಪ್ರಮಾಣವನ್ನು ಯಂತ್ರದ ಪುಸ್ತಕ ನೋಡಿಯೇ ನಿರ್ಧರಿಸಿರಿ. 50:1 ಎಂದರೆ ಲೀಟರಿಗೆ 20 ಮಿಲಿ, 25:1 ಎಂದರೆ 40 ಮಿಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ, ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿಡದಿದ್ದರೆ ಕಾರ್ಬ್ಯುರೇಟರಿನ ತೆಳುಪೊರೆ ಗಡುಸಾಗುತ್ತದೆ. ಚೈನಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕುವ ರೂಢಿ ನಮ್ಮಲ್ಲಿದೆ. ನನ್ನ ಪಂಪ್ ಕೆಡಲು ಅದೂ ಕಾರಣವಿದ್ದೀತು.

ಬದುವಿನಲ್ಲಿ ಬೇವು, ಹುಣಸೆ ಇದ್ದರೆ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ, ಏಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿನ ಮರಗಳಿಗೂ ಅನ್ವಯಿಸುತ್ತದೆ.

ಹಣ ಕೊಡುವ ಮುನ್ನ ಅಂಗಡಿಯವರಿಗೆ ಆ ಮಾದರಿಯ ಆಯಿಲ್ ಪಂಪ್ ಮತ್ತು ಸ್ಟಾರ್ಟರ್ ಹಗ್ಗವನ್ನು ತೆಗೆದು ತೋರಿಸಲು ಹೇಳಿರಿ. ತರಿಸಿಕೊಡುತ್ತೇವೆ ಎಂದರೆ ಬೇರೆ ಅಂಗಡಿ ನೋಡಿರಿ.