ಆಶಾವಾದ ಅಂದರೆ ಸುಮ್ನೆ ಎಲ್ಲಾ ಒಳ್ಳೇದಾಗುತ್ತೆ ಅಂದುಕೊಳ್ಳೋದಾ?

ಅಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರೊಫೆಸರ್ ಮಾರ್ಟಿನ್ ಸೆಲಿಗ್‌ಮನ್ ನೋಡಿದ್ದು, ಕೆಟ್ಟದ್ದಾದಾಗ ನಾವು ನಮಗೇ ಏನು ಕಾರಣ ಹೇಳಿಕೊಳ್ಳುತ್ತೇವೆ ಅನ್ನೋದನ್ನ. ನಮ್ಮ ಕೋಲಾರದ ಮಾರ್ಕೆಟ್ಟನ್ನೇ ತಗೊಳ್ಳಿ. ಹರಾಜಿನಲ್ಲಿ ಟೊಮ್ಯಾಟೊ ಬಾಕ್ಸಿಗೆ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಒಬ್ಬರು "ನನ್ನ ಹಣೆಬರಹವೇ ಇಷ್ಟು, ಯಾವುದಕ್ಕೆ ಕೈ ಹಾಕಿದರೂ ಹೀಗೇ" ಅಂತ ಕೂತುಬಿಡುತ್ತಾರೆ. ಪಕ್ಕದವರು "ಈ ವಾರ ಮಾಲು ಜಾಸ್ತಿ ಬಂತು, ಅಷ್ಟೇ" ಅಂತ ಟೀ ಕುಡಿಯೋಕೆ ಹೋಗುತ್ತಾರೆ. ಹೀಗೆ ಕಾರಣ ಹೇಳಿಕೊಳ್ಳೋದೇ ಆಶಾವಾದ. ನಷ್ಟ ಇಬ್ಬರಿಗೂ ಒಂದೇ, ಅಲ್ವಾ? ಆದರೆ ತಪ್ಪೆಲ್ಲಾ ನನ್ನದೇ, ಇದು ಯಾವತ್ತೂ ಬದಲಾಗಲ್ಲ, ಬದುಕೆಲ್ಲಾ ಹೀಗೇ ಅಂದುಕೊಳ್ಳುವ ಅಭ್ಯಾಸ ಇರುವವರಲ್ಲಿ ಖಿನ್ನತೆ ಹೆಚ್ಚು ಕಾಣುತ್ತದೆ. ಈ ಅಭ್ಯಾಸವನ್ನು ಕಲಿತು ಬದಲಾಯಿಸಿಕೊಳ್ಳಬಹುದು ಅನ್ನೋದು ಸೆಲಿಗ್‌ಮನ್ ಅವರ ವಾದ. ಹಾಗಂತ ಕುರುಡು ನಂಬಿಕೆ ಇಟ್ಟುಕೊಳ್ಳಿ ಅಂತ ಅವರು ಹೇಳಿಲ್ಲ. ಸೋತರೆ ದೊಡ್ಡ ಪೆಟ್ಟು ಬೀಳುವ ಕಡೆ, ಅಂದರೆ ಸಾಲ ಮಾಡಿ ನಾಲ್ಕನೇ ಬೋರ್ ಕೊರೆಸುವಂಥ ಕಡೆ, ಈ ಆಶಾವಾದ ನಡೆಯೋದಿಲ್ಲ.